ಜರ್ಮನ್ ಮೇಡಂ ಫೇಲಾದದ್ದು

ಜರ್ಮನಿಯಲ್ಲಿ ತಲೆನೋವಿಗೆ ಏನನ್ನುತ್ತಾರೆ ಎಂಬುದನ್ನು ನಾನು ಕಲಿತದ್ದು ಚಿಂತಾಮಣಿಯಲ್ಲಿ, ಒಂದು ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಕೆಳಗೆ ಅಂಗಡಿಯವನು ಹೊಸ ಫೋನುಗಳ ರಿಂಗ್‌ಟೋನ್ ಒಂದೊಂದಾಗಿ ಹಾಕಿ ಗಿರಾಕಿಗಳಿಗೆ ಕೇಳಿಸುತ್ತಿದ್ದ. ಎದುರು ರಸ್ತೆಯಲ್ಲಿ ಮಾರುಕಟ್ಟೆಗೆ ಹೋಗುವ ಟೊಮೇಟೊ ಲಾರಿಗಳು ಹಾರನ್ ಹೊಡೆಯುತ್ತಿದ್ದವು. ಮೇಲೆ ಜರ್ಮನಿಗೆ ಕೆಲಸಕ್ಕೆ ಹೋಗಬೇಕೆಂದಿದ್ದ ನಾವೊಂದಿಷ್ಟು ನರ್ಸುಗಳು ಹಣೆಗೆ ಕೈ ಹಚ್ಚಿಕೊಂಡು ‘ಇಷ್ ಹಾಬೆ ಕೋಪ್ಫ್‌ಶ್ಮೆರ್ತ್ಸನ್’ ಎಂದು ಒಟ್ಟಿಗೆ ನರಳುತ್ತಿದ್ದೆವು. ನಮ್ಮನ್ನು ಹಾಗೆ ನರಳಿಸಿದವರು ಹೋದ ತಿಂಗಳು ತೀರಿಕೊಂಡರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಇದ್ದಾಗಲೇ ಸಂಸ್ಥೆಯ ಬೋರ್ಡಿನಿಂದ ಅಳಿಸಿದ ಹೆಸರನ್ನು ಸತ್ತ ಮೇಲೆ ಬರೆದು ದೊಡ್ಡ ಉಪಕಾರ ಮಾಡಿದವಳ ಹಾಗೆ ಕಾಣಿಸಿಕೊಳ್ಳಲು ನನಗೆ ಇಷ್ಟವಿಲ್ಲ. ನಾವೆಲ್ಲ ಮೇಡಂ ಅನ್ನುತ್ತಿದ್ದೆವು, ಇಲ್ಲೂ ಹಾಗೇ ಇರಲಿ.

ಮೇಡಂ ಶಿಡ್ಲಘಟ್ಟದವರು. ದಿನಾ ಮಧ್ಯಾಹ್ನದ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವವರು. ಕಾಟನ್ ಸೀರೆ, ಕಾಲಿಗೆ ಗಂಡಸರು ಹಾಕುವಂಥ ಕಪ್ಪು ಚಪ್ಪಲಿ, ಕಂಕುಳಲ್ಲಿ ಕೊಡೆ. ಮಳೆಯೂ ಇಲ್ಲದ ಬಿಸಿಲೂ ಇಲ್ಲದ ದಿನ ಕೊಡೆ ಯಾಕೆ ಎಂದರೆ, ‘ಬಸ್ಸಲ್ಲಿ ಪಕ್ಕದೋನು ಒರಗ್ದಾಗ ಬೇಕಾಗುತ್ತೆ ಕಣಮ್ಮ’ ಎನ್ನುತ್ತಿದ್ದರು. ವಯಸ್ಸಿನಲ್ಲಿದ್ದಾಗ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಟೈಪಿಸ್ಟಾಗಿದ್ದರು. ಅಲ್ಲಿಯ ಯಂತ್ರಗಳೆಲ್ಲ ಜರ್ಮನಿಯವು. ಜೊತೆಗೆ ಬರುವ ಪುಸ್ತಕಗಳೂ ಆ ಭಾಷೆಯವು. ಅವನ್ನು ತಪ್ಪಿಲ್ಲದೆ ಟೈಪು ಮಾಡಬೇಕಲ್ಲ, ಅದಕ್ಕಾಗಿ ಕಂಪನಿಯವರೇ ಸಂಜೆ ತರಗತಿಗೆ ಕಳಿಸಿ ಜರ್ಮನ್ ಕಲಿಸಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಊರಿಗೆ ಬಂದು, ರೇಷ್ಮೆ ನೂಲು ತೆಗೆಯುವ ಘಟಕಗಳಿರುವ ಬೀದಿಯಲ್ಲಿ ತಾಯಿಯ ಮನೆ ಸೇರಿಕೊಂಡರು. ಮದುವೆ ಆಗಿರಲಿಲ್ಲ. ಅದರ ವಿಷಯ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಜರ್ಮನಿಯವರ ಜೊತೆ ಮಾತಾಡಿದ್ದೀರಾ ಎಂದು ಮೊದಲ ವಾರವೇ ಒಬ್ಬಳು ಕೇಳಿದ್ದಳು. ಮೇಡಂ ನಕ್ಕರು. ‘ಕಾರ್ಖಾನೆಗೆ ಬಂದ ಎಂಜಿನಿಯರುಗಳೆಲ್ಲ ಮ್ಯಾನೇಜರ್ ಹತ್ರ ಇಂಗ್ಲಿಷ್ ಮಾತಾಡಿ ಹೋಗೋರು. ಟೈಪಿಸ್ಟ್ ಹತ್ರ ಯಾರ್ ಬರ್ತಾರೆ? ನಾನು ಬಾಯ್ಬಿಟ್ಟು ಜರ್ಮನ್ ಮಾತಾಡಿದ್ದೆಲ್ಲ ನಿಮ್ಮಂಥೋರ ಜೊತೇಲೇ.’ ಅವತ್ತು ನಾವೂ ನಕ್ಕೆವು. ಆ ಮಾತಿನಲ್ಲಿ ನಗುವಂಥದ್ದು ಏನೂ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಬೇರೆ ಕಡೆ ಭಾಷೆ ಕಲಿಸುವವರು ‘ನನ್ನ ಹೆಸರು ಇಂಥದ್ದು, ನನ್ನ ಊರು ಇಂಥದ್ದು’ ಎಂದು ಶುರು ಮಾಡುತ್ತಾರೆ. ಮೇಡಂ ಶುರು ಮಾಡಿದ್ದು ‘ಎಲ್ಲಿ ನೋಯುತ್ತಿದೆ?’ ಎಂಬಲ್ಲಿಂದ. ‘ವೋ ಟೂಟ್ ಎಸ್ ವೇ?’ ಅದೇ ನಾವು ಕಲಿತ ಮೊದಲ ವಾಕ್ಯ. ‘ನಿಮ್ಮ ಹೆಸರು ಕಟ್ಕೊಂಡು ಜರ್ಮನಿ ಆಸ್ಪತ್ರೇಲಿರೋ ಮುದುಕಿ ಏನ್ಮಾಡ್ತಾಳೆ? ಮಂಚದ ಮೇಲೆ ಬಿದ್ದಿರೋಳಿಗೆ ನೋವು ಇಳೀಬೇಕು. ಹೆಸರು ಆಮೇಲೆ ಹೇಳೋಣ’ ಎಂದರು. ಒಬ್ಬಳನ್ನು ರೋಗಿ ಮಾಡಿ ಬೆಂಚಿನ ಮೇಲೆ ಮಲಗಿಸುವುದು, ಇನ್ನೊಬ್ಬಳು ಕೇಳುತ್ತಾ ಹೋಗುವುದು. ತಲೆಯಿಂದ ಅಂಗಾಲಿನವರೆಗೆ ನಮ್ಮ ಮೈಯೇ ಪಠ್ಯಪುಸ್ತಕವಾಗಿತ್ತು. ನನಗೆ ಇವತ್ತಿಗೂ ಜರ್ಮನ್‌ನಲ್ಲಿ ಹಣ್ಣು ತರಕಾರಿಯ ಹೆಸರು ತಡವರಿಸುತ್ತದೆ, ಮೊಣಕಾಲು ಕುತ್ತಿಗೆಗಳು ತಡವರಿಸುವುದಿಲ್ಲ.

ಆ ಭಾಷೆಯಲ್ಲಿ ಕುರ್ಚಿ ಗಂಡು, ಬಾಗಿಲು ಹೆಣ್ಣು, ಕಿಟಕಿ ಎರಡೂ ಅಲ್ಲ. ಯಾಕೆ ಎಂದು ಕೇಳಬಾರದು. ನಾವು ಕೇಳಿ ಕೇಳಿ ಸುಸ್ತಾದಾಗ ಮೇಡಂ ಶಿಡ್ಲಘಟ್ಟದಿಂದ ಒಂದು ಚೀಲ ತಂದರು. ನೂಲು ತೆಗೆದ ಮೇಲೆ ಉಳಿದ ರೇಷ್ಮೆಯ ತುಂಡು ಎಳೆಗಳು, ಅವರೇ ಮನೆಯಲ್ಲಿ ಬಣ್ಣ ಹಾಕಿದ್ದವು. ಗಂಡಿಗೆ ನೀಲಿ, ಹೆಣ್ಣಿಗೆ ಕೆಂಪು, ಎರಡೂ ಅಲ್ಲದ್ದಕ್ಕೆ ಹಸಿರು. ಕೋಣೆಯ ಎಲ್ಲ ವಸ್ತುಗಳಿಗೂ ನಾವೇ ಕಟ್ಟಬೇಕು. ಫ್ಯಾನಿಗೆ ಕಟ್ಟಲು ಬೆಂಚಿನ ಮೇಲೆ ಬೆಂಚಿಟ್ಟು ಹತ್ತಿದ್ದೆವು. ಒಂದು ತಿಂಗಳಲ್ಲಿ ಆ ಕೋಣೆ ಹರಕೆ ಕಟ್ಟಿದ ಮರದ ಹಾಗಾಗಿತ್ತು, ಆದರೆ ಕುರ್ಚಿ ಯಾವ ಲಿಂಗ ಎಂದು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಿದ್ದೆವು. ರೇಷ್ಮೆಯ ಎಳೆಗೊಂದು ವಾಸನೆಯಿರುತ್ತದೆ, ಬಣ್ಣ ಹಾಕಿದರೂ ಹೋಗುವುದಿಲ್ಲ. ನಮ್ಮ ಜರ್ಮನ್‌ಗೆ ಆ ವಾಸನೆ ಹತ್ತಿಕೊಂಡಿತ್ತು.

ಅವರಿಗೆ ಕನ್ನಡದ ಮೇಲೆ ಒಂದು ಬಗೆಯ ಜಂಬವೂ ಇತ್ತು. ‘ಯಾಕೆಂದರೆ’ ಎಂದು ಶುರು ಮಾಡಿದರೆ ಜರ್ಮನ್ನರು ಕ್ರಿಯಾಪದವನ್ನು ವಾಕ್ಯದ ಕಟ್ಟಕಡೆಗೆ ತಳ್ಳುತ್ತಾರೆ. ಅದನ್ನು ಹೇಳಿಕೊಡುವ ದಿನ ಮೇಡಂ ಮುಖದಲ್ಲಿ ಹಬ್ಬ. ‘ಇದಕ್ಕೆ ಇಂಗ್ಲಿಷಿನೋರು ತಲೆ ಚಚ್ಕೋತಾರೆ. ನಮ್ಗೇನು? ನಮ್ಮಜ್ಜಿನೂ ಹಂಗೇ ಮಾತಾಡ್ತಿದ್ಲು. ಇಂಗ್ಲಿಷ್ ಮರ್ತುಬಿಡ್ರಮ್ಮ, ಅಜ್ಜೀನ ನೆನೆಸ್ಕೊಳ್ಳಿ’ ಎಂದರು. ಇಂಗ್ಲಿಷ್ ಬಾರದೆ ನರ್ಸಿಂಗ್ ಓದುವಾಗ ಮೂರು ವರ್ಷ ತಲೆ ತಗ್ಗಿಸಿಕೊಂಡಿದ್ದ ನನ್ನಂಥವಳಿಗೆ ಅದು ಎಂಥ ಮಾತು ಎಂದು ಇಂಗ್ಲಿಷ್ ಬರುವವರಿಗೆ ತಿಳಿಯುವುದಿಲ್ಲ.

ನನ್ನದು ಅಂಬಾಜಿದುರ್ಗದ ಹತ್ತಿರದ ಹಳ್ಳಿ. ಮನೆಯಲ್ಲಿ ರಾಗಿ, ಟೊಮೇಟೊ, ಎರಡು ಸೀಮೆಹಸು. ಚಿಂತಾಮಣಿಯ ನರ್ಸಿಂಗ್ ಹೋಮಿನಲ್ಲಿ ಡ್ಯೂಟಿ ಮುಗಿಸಿ ತರಗತಿಗೆ ಹೋಗುತ್ತಿದ್ದೆ. ನನ್ನ ನಾಲಿಗೆ ಮೊದಲಿಂದಲೂ ನಿಧಾನ. ಹೇಳಬೇಕಾದ್ದು ತಲೆಯಲ್ಲಿರುತ್ತದೆ, ಬಾಯಿಗೆ ಬರುವಷ್ಟರಲ್ಲಿ ಎದುರಿನವರು ಬೇರೆ ವಿಷಯಕ್ಕೆ ಹೋಗಿರುತ್ತಾರೆ. ಮೇಡಂ ಎದುರು ಮಾತ್ರ ಹಾಗಾಗುತ್ತಿರಲಿಲ್ಲ. ಅವರು ಪ್ರಶ್ನೆ ಕೇಳಿ, ಗಲ್ಲಕ್ಕೆ ಅಂಗೈ ಕೊಟ್ಟು, ಕಣ್ಣು ಅರ್ಧ ಮುಚ್ಚಿ ಕೂತುಬಿಡುತ್ತಿದ್ದರು. ಸುಳಿವು ಕೊಡುತ್ತಿರಲಿಲ್ಲ, ಪಕ್ಕದವಳಿಗೆ ಕೈ ತೋರಿಸುತ್ತಿರಲಿಲ್ಲ, ಗಡಿಯಾರ ನೋಡುತ್ತಿರಲಿಲ್ಲ. ಬೇರೆಯವರು ಪಿಸುಗುಟ್ಟಿದರೆ ಕೈಯೆತ್ತಿ ಸುಮ್ಮನಾಗಿಸುತ್ತಿದ್ದರು. ಬಾಗೇಪಲ್ಲಿ ಕಡೆಯ ತೆಲುಗಿನ ಹುಡುಗಿಯೊಬ್ಬಳಿದ್ದಳು, ಅವಳು ನಿಂತುಬಿಟ್ಟಾಗ ‘ನಿದಾನಂಗಾ ಚೆಪ್ಪಮ್ಮಾ, ಪರ್ವಾಲೇದು’ ಎಂದು, ನಿಧಾನವಾಗಿ ಹೇಳು ಪರವಾಗಿಲ್ಲ ಅಂತ, ಒಮ್ಮೆ ಹೇಳುವರು, ಮತ್ತೆ ಕಾಯುವರು. ಲಾರಿ ಹೋಗುತ್ತಿತ್ತು, ಕೆಳಗಿನ ರಿಂಗ್‌ಟೋನ್ ಬದಲಾಗುತ್ತಿತ್ತು, ಅವರು ಕೂತೇ ಇರುತ್ತಿದ್ದರು. ವಾಕ್ಯ ಬಂದೇ ಬರುತ್ತಿತ್ತು. ಬಂದ ಮೇಲೆ ‘ಗೂಟ್’ ಎಂದು ಒಂದೇ ಮಾತು, ಚೆನ್ನಾಗಿದೆ ಅಂತ.

ಇಷ್ಟು ತಾಳ್ಮೆ ಎಲ್ಲಿಂದ ಬಂತು ಮೇಡಂ ಎಂದು ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದೆ. ‘ತಾಳ್ಮೆ ಅಲ್ಲ ಕಣಮ್ಮ, ಸಿಟ್ಟು’ ಎಂದರು. ‘ನಮ್ಮೇಷ್ಟ್ರು ಪ್ರಶ್ನೆ ಕೇಳ್ಕೊಂಡು ಬೆಂಚಿಂದ ಬೆಂಚಿಗೆ ಬರೋರು. ನಮ್ಮ ಬೆಂಚು ಕೊನೇದು, ಗೊತ್ತಲ್ಲ. ಕೇಳೋರು, ನಾನು ಬಾಯಿ ತೆಗೆಯೋಕ್ ಮುಂಚೆ ತಿರುಗಿ ಹೋಗೋರು. ನಮ್ ಕೇರಿ ಮಕ್ಕಳ ಹತ್ರ ನಿಂತ್ರೆ ಹೊತ್ತು ದಂಡ ಅಂತ. ಒಂದ್ ಸಲ ಆದ್ರೂ ನಿಲ್ಲಲಿಲ್ಲ. ನನಗೆ ಉತ್ತರ ಗೊತ್ತಿತ್ತು ಮಂಜುಳಮ್ಮ, ಎಲ್ಲಾ ಸಲಾನೂ ಗೊತ್ತಿತ್ತು.’ ಅಷ್ಟು ಹೇಳಿ ಬಸ್ಸು ಬಂತೆಂದು ಕೊಡೆ ಮುಂದೆ ಹಿಡಿದು ನುಗ್ಗಿದರು. ಬಸ್ಸಿಗೆ ನುಗ್ಗುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು.

ಇನ್ನು ನಮ್ಮ ಡೈರೆಕ್ಟರರ ವಿಷಯ. ಅವರನ್ನು ಹಾಗೇ ಕರೆಯಬೇಕು, ಸಾರ್ ಎಂದರೆ ಸಾಲದು. ಮೊದಲು ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದರು. ನರ್ಸುಗಳಿಗೆ ಜರ್ಮನಿಯಲ್ಲಿ ಬೇಡಿಕೆ ಬಂದಿದೆ ಎಂಬ ಸುದ್ದಿ ಕಿವಿಗೆ ಬಿದ್ದ ಕೂಡಲೇ ಕಾರು ಮಾರಿ ಬೆಂಚು ಕೊಂಡರು. ಲೈಸೆನ್ಸ್ ಕೊಡಿಸುವುದಕ್ಕೂ ಸರ್ಟಿಫಿಕೇಟ್ ಕೊಡಿಸುವುದಕ್ಕೂ ಅವರಿಗೆ ದೊಡ್ಡ ವ್ಯತ್ಯಾಸ ಕಾಣಿಸಿರಲಿಲ್ಲ. ನೋಡಲು ಸಭ್ಯರು, ಬಿಳಿ ಅಂಗಿ, ಯಾರನ್ನೂ ಏಕವಚನದಲ್ಲಿ ಮಾತಾಡಿಸುವವರಲ್ಲ. ಆದರೆ ನೀವು ಒಂದು ವಾಕ್ಯ ಶುರು ಮಾಡಿದರೆ ಅದನ್ನು ಅವರೇ ಮುಗಿಸುತ್ತಾರೆ, ತಮಗೆ ಬೇಕಾದ ಹಾಗೆ. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಯಾವ ಊರಲ್ಲೂ ಜರ್ಮನ್ ಕಲಿಸುವವರು ಬೇರೆ ಸಿಗದ ಕಾಲದಲ್ಲಿ ಮೇಡಂ ಅವರಿಗೆ ದೇವರಂತೆ ಕಂಡಿದ್ದರು. ಬೋರ್ಡಿನಲ್ಲಿ ಅವರ ಹೆಸರನ್ನು ತಮ್ಮ ಹೆಸರಿಗಿಂತ ದೊಡ್ಡದಾಗಿ ಬರೆಸಿದ್ದರು.

ನಾವು ಎರಡು ಹಂತ ಮುಗಿಸಿ ಮೂರನೆಯದಾದ ಬಿ ಒನ್ ಪರೀಕ್ಷೆಗೆ ತಯಾರಾಗುತ್ತಿದ್ದಾಗ ನರ್ಸುಗಳನ್ನು ಕಳಿಸುವ ಏಜೆನ್ಸಿಯವರು ಬೆಂಗಳೂರಿನಿಂದ ನೋಡಲು ಬರುತ್ತಾರೆ ಎಂದಾಯಿತು. ಹಿಂದಿನ ದಿನ ಡೈರೆಕ್ಟರ್ ಕತ್ತರಿ ಹಿಡಿದು ಬಂದು, ‘ಏನ್ರೀ ಇದು, ಮಾಟ ಮಾಡಿಸಿದ ಮನೆ ತರ’ ಎಂದು ನಗುತ್ತಲೇ ಎಲ್ಲ ಎಳೆಗಳನ್ನೂ ಕತ್ತರಿಸಿದರು. ಮೇಡಂ ಬಾಯಿ ತೆರೆದಾಗ, ‘ಗೊತ್ತು ಮೇಡಂ, ನೀವೂ ಅದೇ ಹೇಳ್ತೀರಿ, ಕ್ಲೀನಾಗಿರಬೇಕು ಅಂತ’ ಎಂದು ಅವರೇ ಮುಗಿಸಿದರು. ಬಂದವರು ಕೋಣೆಯ ಕಡೆ ನೋಡಲೇ ಇಲ್ಲ, ಮೇಡಂ ಸರ್ಟಿಫಿಕೇಟ್ ಕೇಳಿದರು. ಅವರ ಬಳಿ ಇದ್ದದ್ದು ಹಳೆಯ ಕಾಲದ್ದು. ಆ ಹೆಸರಿನ ಪರೀಕ್ಷೆಯೇ ಈಗ ಇಲ್ಲವಂತೆ. ಪಾಠ ಮಾಡುವವರು ಕಡೇಪಕ್ಷ ಬಿ ಒನ್ ಹಂತದ ಹೊಸ ಸರ್ಟಿಫಿಕೇಟ್ ಇಟ್ಟುಕೊಂಡಿರಬೇಕು ಎಂದು ಹೇಳಿ ಟೊಮೇಟೊ ಬಾಕ್ಸ್ ಒಂದನ್ನು ಉಡುಗೊರೆ ಪಡೆದು ಹೋದರು.

‘ಅದಕ್ಕೇನಂತೆ, ಮಕ್ಕಳ ಜೊತೇಲಿ ನೀವೂ ಒಂದು ಬಿ ಒನ್ ಬರೆದುಬಿಡಿ. ಆಮೇಲೆ ಕುರ್ಚಿ ಯಾವತ್ತೂ ನಿಮ್ಮದೇ’ ಎಂದರು ಡೈರೆಕ್ಟರ್. ಮೇಡಂಗೆ ಆಗ ಐವತ್ತೆಂಟೋ ಐವತ್ತೊಂಬತ್ತೋ. ತಾನು ಕಲಿಸಿದವರ ಪಕ್ಕದಲ್ಲಿ ಕೂತು ಪರೀಕ್ಷೆ ಬರೆಯಬೇಕು. ಅವಮಾನ ಆಯಿತೇ ಎಂದು ಮುಖ ನೋಡಿದೆ. ಏನೂ ಕಾಣಿಸಲಿಲ್ಲ. ಹೊಸ ಪೆನ್ ಕೊಂಡರು ಅಷ್ಟೇ. ಆದರೆ ಆ ಕುರ್ಚಿ ಅವರಿಗೆ ಎಷ್ಟು ಬೇಕಾಗಿತ್ತು ಎಂಬುದು ನಮಗೆಲ್ಲ ಗೊತ್ತಿತ್ತು. ಆ ಬಸ್ಸು, ಆ ಕೋಣೆ, ಬಾಯಿ ತೆರೆಯಲು ಹೆದರುವ ನಾವು, ಇಷ್ಟು ಬಿಟ್ಟರೆ ಅವರ ದಿನದಲ್ಲಿ ಬೇರೆ ಏನೂ ಇರಲಿಲ್ಲ.

ಬೆಂಗಳೂರಿನಲ್ಲಿ ಪರೀಕ್ಷೆ. ಓದುವುದು, ಕೇಳುವುದು, ಬರೆಯುವುದು ಬೆಳಗ್ಗೆ ಮುಗಿಯಿತು. ಮಾತಾಡುವ ಪರೀಕ್ಷೆ ಮಾತ್ರ ಇಬ್ಬಿಬ್ಬರ ಜೋಡಿಯಲ್ಲಿ. ಇಬ್ಬರು ಪರೀಕ್ಷಕರು ಎದುರು ಕೂತು ಬರೆದುಕೊಳ್ಳುತ್ತಾರೆ, ನಾವಿಬ್ಬರು ಒಬ್ಬರೊಡನೊಬ್ಬರು ಮಾತಾಡಬೇಕು. ಡೈರೆಕ್ಟರ್ ನಮ್ಮನ್ನೆಲ್ಲ ಒಂದೇ ಸಲ ನೋಂದಾಯಿಸಿದ್ದರಿಂದ ಹೆಸರುಗಳು ಒಟ್ಟಿಗಿದ್ದವು. ನನ್ನ ಜೋಡಿ ಮೇಡಂ. ನನಗೆ ಹೋದ ಜೀವ ಬಂದಂತಾಯಿತು.

ಕೊಟ್ಟ ವಿಷಯ ಸುಲಭವಾದದ್ದೇ. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಆಸ್ಪತ್ರೆಯಲ್ಲಿದ್ದಾರೆ, ನೋಡಲು ಹೋಗಬೇಕು, ಯಾವಾಗ ಹೋಗುವುದು, ಏನು ಒಯ್ಯುವುದು, ಇಬ್ಬರೂ ಸೇರಿ ಗೊತ್ತು ಮಾಡಿ ಎಂದು. ದಿನವಿಡೀ ಆಸ್ಪತ್ರೆಯಲ್ಲೇ ಇರುವವಳು ನಾನು, ಆದರೂ ಎರಡು ವಾಕ್ಯಕ್ಕೆ ಬಾಯಿ ಕಟ್ಟಿಹೋಯಿತು. ಪರೀಕ್ಷಕಿಯ ಪೆನ್ನು ಕಾಗದದ ಮೇಲೆ ನಿಂತಿತು. ಅಲ್ಲಿ ಎದುರಿನವರು ಏನು ಮಾಡಬೇಕು? ಮಾತನ್ನು ತನ್ನ ಕಡೆಗೆ ಎಳೆದುಕೊಂಡು ತಾನು ಮಾತಾಡಬೇಕು, ತನ್ನ ಅಂಕ ತಾನು ಗಳಿಸಬೇಕು. ಮೇಡಂ ಗಲ್ಲಕ್ಕೆ ಅಂಗೈ ಕೊಟ್ಟರು. ಕಣ್ಣು ಅರ್ಧ ಮುಚ್ಚಿದರು. ಕಾದರು.

ನನಗೆ ವಾಕ್ಯ ಬಂತು. ಬರದೇ ಏನು! ಆ ಕೂತ ಭಂಗಿ ನೋಡಿದರೆ ನನ್ನ ನಾಲಿಗೆ ತಾನಾಗಿ ಸಡಿಲವಾಗುತ್ತಿತ್ತು. ಮೇಡಂ ‘ಗೂಟ್’ ಎಂದರು. ‘ಮತ್ತೆ, ನಿನಗೇನನ್ನಿಸುತ್ತೆ? ಹೂವು ಒಯ್ಯೋಣವೋ ಹಣ್ಣೋ?’ ಎಂದು ಪುಟ್ಟ ಪ್ರಶ್ನೆ ಕೇಳಿದರು. ಮತ್ತೆ ಕಾದರು. ನಾನು ಹೇಳುತ್ತಾ ಹೋದೆ, ಅವರು ಕೇಳುತ್ತಾ ಹೋದರು. ಹೂವು ನನ್ನದು, ಹಣ್ಣು ನನ್ನದು, ಬಸ್ಸು ನನ್ನದು, ಭಾನುವಾರ ನನ್ನದು.

ಆಮೇಲೆ ಒಬ್ಬೊಬ್ಬರೇ ಭಾಷಣದ ಹಾಗೆ ಮಾತಾಡಬೇಕು, ಮುಗಿದ ಮೇಲೆ ಜೋಡಿಯವರು ಅದರ ಮೇಲೆ ಪ್ರಶ್ನೆ ಕೇಳಬೇಕು. ಮೇಡಂ ವಿಷಯ ಮಕ್ಕಳ ಕೈಗೆ ಮೊಬೈಲ್ ಕೊಡುವುದು. ಮನೆಯಲ್ಲಿ ಅವರು ಎಷ್ಟು ಚೆಂದ ತಯಾರಾಗಿದ್ದರೋ ದೇವರೇ ಬಲ್ಲ. ಬಾಯಿ ತೆರೆಯುವ ಮುಂಚೆ ನನ್ನ ಮುಖ ನೋಡಿದರು. ಇವಳು ನನಗೆ ಪ್ರಶ್ನೆ ಕೇಳಬೇಕು, ಇವಳಿಗೆ ಅರ್ಥವಾಗಬೇಕು. ಶುರು ಮಾಡಿದರು: ಇದು ಮೊಬೈಲು. ಮಗುವಿಗೆ ಮೊಬೈಲು ಇದೆ. ಮಗು ಹೊರಗೆ ಆಡುವುದಿಲ್ಲ. ಅಮ್ಮನಿಗೆ ಬೇಸರವಾಗಿದೆ. ಒಂದೊಂದು ವಾಕ್ಯ ಮುಗಿದ ಮೇಲೂ ನಿಲ್ಲಿಸಿ, ತಿಳಿಯಿತಾ ಎಂಬಂತೆ ನನ್ನನ್ನು ನೋಡುವರು. ಅದೇ ಗುಂಗಿನಲ್ಲಿ ಪರೀಕ್ಷಕರನ್ನೂ ಒಮ್ಮೆ ಹಾಗೇ ನೋಡಿದರು. ಅವರಲ್ಲಿ ಒಬ್ಬ ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿಯೂ ಬಿಟ್ಟ.

ಹೊರಗೆ ಟೀ ಅಂಗಡಿಯ ಮುಂದೆ ನನಗೆ ಸಿಟ್ಟು ತಡೆಯಲಾಗಲಿಲ್ಲ. ‘ಯಾಕ್ ಮೇಡಂ ಹಿಂಗ್ ಮಾಡಿದ್ರಿ?’ ಎಂದೆ.

‘ಏನ್ ಮಾಡ್ದೆ?’

‘ನೀವು ಮಾತೇ ಆಡ್ಲಿಲ್ವಲ್ಲ! ನಿಮ್ಗೆ ಬರೋ ಜರ್ಮನ್ ಅದೇನಾ? ಎಲ್ಲಾ ನನ್ ಕೈಲೇ ಆಡಿಸ್ಬಿಟ್ರಿ.’

‘ಹೌದಾ?’ ಎಂದರು. ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ. ‘ನೀನು ಚೆನ್ನಾಗೇ ಮಾತಾಡ್ದೆ ಬಿಡಮ್ಮ. ಟೀ ಕುಡಿ, ಆರೋಗುತ್ತೆ.’

ಇದನ್ನು ತ್ಯಾಗ ಎಂದು ಬರೆದರೆ ಓದುವವರಿಗೂ ಹಿತ, ಬರೆಯುವವಳಿಗೂ ಹಿತ. ತ್ಯಾಗವಾಗಿದ್ದರೆ ನಾನು ಕಾಲಿಗೆ ಬಿದ್ದು ಎದ್ದುಬರುತ್ತಿದ್ದೆ, ಲೆಕ್ಕ ಮುಗಿಯುತ್ತಿತ್ತು. ಅದು ತ್ಯಾಗವಲ್ಲ, ಅಭ್ಯಾಸ. ಹೆದರಿದ ಹುಡುಗಿ ಎದುರಿಗೆ ಕೂತರೆ ಅವರಿಗೆ ಬೇರೆ ರೀತಿ ಮಾತಾಡಲು ಬರುತ್ತಲೇ ಇರಲಿಲ್ಲ. ನಾನು ಕೇಳಿಕೊಂಡಿರಲಿಲ್ಲ. ಕೇಳದೆ ಸಿಕ್ಕಿದ ಉಪಕಾರವನ್ನು ಯಾರಿಗೆ ಹಿಂತಿರುಗಿಸುವುದು ಎಂಬ ಸಂಕಟ ನನಗೆ ಇನ್ನೂ ಇದೆ, ಅವರ ಮೇಲಿನ ಸಿಟ್ಟೂ ಇದೆ.

ಫಲಿತಾಂಶ ಬಂತು. ನಾನು ನಾಲ್ಕರಲ್ಲೂ ಪಾಸು. ಮೇಡಂ ಓದಿನಲ್ಲಿ, ಕೇಳುವುದರಲ್ಲಿ, ಬರವಣಿಗೆಯಲ್ಲಿ ನಮ್ಮೆಲ್ಲರಿಗಿಂತ ಮೇಲೆ. ಮಾತಾಡುವುದರಲ್ಲಿ ಫೇಲು. ಡೈರೆಕ್ಟರ್ ಅದನ್ನು ಹೊಸ ಬ್ಯಾಚಿನ ಹುಡುಗಿಯರ ಮುಂದೆಯೇ ಓದಿ, ‘ಏನ್ ಮೇಡಂ, ಮಾತಾಡೋಕೇ ಬರಲ್ಲ ಅಂದ್ರೆ ಮಾತು ಹೇಗೆ ಕಲಿಸ್ತೀರಾ?’ ಎಂದು ನಕ್ಕರು. ಮೇಡಂ ಏನೋ ಹೇಳಲು ಹೊರಟರು. ‘ಇನ್ನೊಂದು ಸಲ ಕಟ್ತೀರಿ, ಗೊತ್ತು. ಅಲ್ಲೀವರೆಗೂ ರಿಸೆಪ್ಷನ್‌ನಲ್ಲಿ ಕೂತ್ಕೊಳ್ಳಿ, ಮನೇಲಿ ಕೂತು ಏನ್ಮಾಡ್ತೀರಾ’ ಎಂದು ಮುಗಿಸಿದರು. ಪಾಠಕ್ಕೆ ಯಾರು? ಏಜೆನ್ಸಿಯವರು ಒಪ್ಪುವಂಥ ಸರ್ಟಿಫಿಕೇಟ್ ಇರುವವಳು ನಾನೇ ಇದ್ದೆನಲ್ಲ.

ನಾನು ಬೇಡವೆಂದೆ. ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, ‘ನೀನು ಬೇಡ ಅಂದ್ರೆ ಬೆಂಗಳೂರಿಂದ ಯಾವನನ್ನೋ ಕರ್ಕೊಂಡು ಬರ್ತಾನೆ. ಈ ಮಕ್ಕಳ್ನ ಹೆದರಿಸ್ಬಿಡ್ತಾನೆ. ನೀನೇ ಕೂತ್ಕೋ, ನಾನು ಹೊರಗೆ ಇರ್ತೀನಲ್ಲ’ ಎಂದರು. ನರ್ಸಿಂಗ್ ಹೋಮ್ ಬಿಟ್ಟು ಕೂತೆ. ಜರ್ಮನಿಗೆ ಹೋಗಲು ಮುಂದಿನ ಹಂತವೂ ಬೇಕಿತ್ತು, ಅದನ್ನೂ ಬರೆದೆ. ಅಲ್ಲಿ ನನ್ನ ಜೋಡಿಯಾಗಿ ಬಂದವಳು ಪಟಪಟ ಅರಳು ಹುರಿದ ಹಾಗೆ ಮಾತಾಡಿ, ನಾನು ಬಾಯಿ ತೆರೆಯುವಷ್ಟರಲ್ಲಿ ಹೊತ್ತು ಮುಗಿಸಿದಳು. ಹೀಗೆ ಜರ್ಮನಿ ನನಗೆ ಚಿಂತಾಮಣಿಯಲ್ಲೇ ಉಳಿಯಿತು.

ತರಗತಿಗೂ ರಿಸೆಪ್ಷನ್ನಿಗೂ ನಡುವೆ ಒಂದು ಪ್ಲೈವುಡ್ ಗೋಡೆ. ನಾನು ಒಳಗೆ ಆಡುವ ಪ್ರತಿ ಮಾತೂ ಮೇಡಂ ಕಿವಿಗೆ ಬೀಳುತ್ತಿತ್ತು. ಒಂದು ಇಡೀ ವಾರ ನಾನು ಒಂದು ಪಾಠವನ್ನು ತಪ್ಪಾಗಿ ಹೇಳಿಕೊಟ್ಟೆ. ಪುಸ್ತಕ ತಿರುವುವಾಗ ಗೊತ್ತಾಯಿತು. ಹೊರಗೆ ಬಂದು, ‘ಕೇಳಿಸ್ತಿತ್ತಲ್ಲ ಮೇಡಂ, ಒಂದ್ ಮಾತು ಹೇಳ್ಬಾರ್ದಾಗಿತ್ತಾ?’ ಎಂದು ರೇಗಿದೆ.

‘ನೀನು ಹೇಳ್ತಾ ಇದ್ದೆಯಲ್ಲಮ್ಮ, ಮಧ್ಯೆ ಹೆಂಗ್ ಬರ್ಲಿ? ನಿಂಗೇ ಗೊತ್ತಾಗುತ್ತೆ ಅಂತ ಕಾಯ್ತಿದ್ದೆ.’

ಇಂಥವರನ್ನು ಏನು ಮಾಡುವುದು? ಎರಡನೆಯ ಸಲ ಪರೀಕ್ಷೆ ಕಟ್ಟಿದಾಗ ನಾನೇ ಅವರನ್ನು ಹಿಡಿದು ಕೂರಿಸಿದೆ. ಭಾನುವಾರ ಶಿಡ್ಲಘಟ್ಟದ ಮನೆಗೆ ಹೋಗುತ್ತಿದ್ದೆ. ಮುಂದಿನ ಕೋಣೆಯಲ್ಲಿ ಬುದ್ಧನ ಪಟ, ಕೆಳಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಪಕ್ಕದ ಘಟಕದಿಂದ ರೇಷ್ಮೆಗೂಡು ಬೇಯಿಸುವ ವಾಸನೆ ಬರುತ್ತಿತ್ತು. ಅಲ್ಲಿ ಕೂತು ನಾನು ನನ್ನ ಮೇಡಂಗೆ ಒರಟುತನ ಹೇಳಿಕೊಟ್ಟೆ.

‘ನಾನು ತಡವರಿಸ್ತೀನಿ. ತಡವರಿಸಿದ ಕೂಡ್ಲೇ ನೀವು ನುಗ್ಬೇಕು.’

‘ನುಗ್ಗೋದಾ?’

‘ಬಸ್ಸಿಗೆ ನುಗ್ಗಲ್ವಾ, ಹಂಗೆ.’

ನಾನು ಬೇಕೆಂದೇ ತಡವರಿಸಿದೆ. ಮೇಡಂ ಬಾಯಿ ತೆರೆದರು, ಮುಚ್ಚಿದರು. ಕೈ ಗಲ್ಲದ ಕಡೆ ಹೋಗುತ್ತಿತ್ತು. ‘ಮೇಡಂ, ಕೈ!’ ಎಂದೆ. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು, ಚಿಕ್ಕ ಹುಡುಗಿಯ ಹಾಗೆ. ಮತ್ತೆ ತಡವರಿಸಿದೆ. ಈ ಸಲ ನುಗ್ಗಿದರು, ಆಹಾ, ಎಂಥ ಜರ್ಮನ್! ಉದ್ದುದ್ದ ವಾಕ್ಯಗಳು, ಒಂದರೊಳಗೊಂದು, ಕ್ರಿಯಾಪದಗಳು ಕೊನೆಯಲ್ಲಿ ಸಾಲಾಗಿ ಬಂದು ನಿಂತವು. ಇಷ್ಟು ವರ್ಷ ಎಲ್ಲಿಟ್ಟುಕೊಂಡಿದ್ದರು ಅದನ್ನು? ಕೇಳುತ್ತಾ ನನ್ನ ಕಣ್ಣು ತುಂಬಿತು. ಅವರು ತಟ್ಟನೆ ನಿಲ್ಲಿಸಿ, ‘ಪಾಪ, ನೀನಿನ್ನೂ ಮುಗಿಸೇ ಇರ್ಲಿಲ್ಲ ಅಲ್ವಾ?’ ಎಂದರು.

ಎರಡನೆಯ ಸಲ ಅವರ ಜೋಡಿಯಾಗಿ ಬಂದವಳು ಗೌರಿಬಿದನೂರಿನ ಕಡೆಯ ಯಾರೋ ನರ್ಸು, ತನ್ನ ಹೆಸರು ಹೇಳಲೂ ತಡವರಿಸುತ್ತಿದ್ದಳಂತೆ. ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಫಲಿತಾಂಶ ಬಂದ ದಿನ ಡೈರೆಕ್ಟರ್ ಫೋನಿನಲ್ಲಿ ಅದನ್ನು ನೋಡಿ ನಾಲಿಗೆ ಲೊಚಗುಟ್ಟಿದರು. ಮೇಡಂ ಕೇಳಿದ್ದು ಒಂದೇ: ‘ಆ ಹುಡುಗೀದು ಏನಾಯ್ತಂತೆ? ಪಾಸಾಯ್ತಾ?’ ಯಾರಿಗೂ ಗೊತ್ತಿರಲಿಲ್ಲ. ಆ ಸಂಜೆ ಬೋರ್ಡಿಗೆ ಹೊಸ ಬಣ್ಣ ಬಿತ್ತು.

ಆಮೇಲೂ ಒಂದು ವರ್ಷಕ್ಕೆ ಮೇಲೆ ರಿಸೆಪ್ಷನ್ನಿನಲ್ಲೇ ಕೂತರು. ಫೋನು ಎತ್ತುವುದು, ಬಂದವರಿಗೆ ನೀರು ಕೊಡುವುದು, ಬೀಗ ಹಾಕುವುದು. ಬ್ಯಾಚುಗಳು ಬಂದವು, ಹೋದವು. ನನ್ನ ಹುಡುಗಿಯರು ಪಾಸಾಗುತ್ತಾರೆ. ನಾನು ಮೊದಲ ದಿನವೇ ಹೇಳಿಬಿಡುತ್ತೇನೆ, ಎದುರಿನವಳು ನಿಂತರೆ ನೀನು ಶುರು ಮಾಡು, ದಯೆ ದಾಕ್ಷಿಣ್ಯ ಬೇಡ ಎಂದು. ಪ್ಲೈವುಡ್ ಗೋಡೆಯಾಚೆ ಅದನ್ನೂ ಅವರು ಕೇಳಿಸಿಕೊಳ್ಳುತ್ತಿದ್ದರು.

ಹೋದ ತಿಂಗಳು ಮನೆಯಲ್ಲೇ ಎದೆನೋವು ಬಂದು, ಆಸ್ಪತ್ರೆ ಸೇರುವ ಮುಂಚೆ ಹೋದರು. ಮಣ್ಣಿಗೆ ನಾನು ಹೋಗಿದ್ದೆ. ಡೈರೆಕ್ಟರ್ ಸಂಸ್ಥೆಯ ಹೆಸರು ಬರೆದ ಪಟ್ಟಿಯಿದ್ದ ದೊಡ್ಡ ಹೂಮಾಲೆ ಕಳಿಸಿದ್ದರು, ಆ ಚಿಕ್ಕ ದೇಹದ ಮೇಲೆ ಮೇಡಂ ಮುಖಕ್ಕಿಂತ ಆ ಹೆಸರೇ ಎದ್ದು ಕಾಣುತ್ತಿತ್ತು.

ಮರುದಿನ ತರಗತಿ ಶುರುವಾಗುವ ಮುಂಚೆ ಎದ್ದು ನಿಂತು ಮೌನ ಆಚರಿಸಿದೆವು. ಬೆಂಚು ಎಳೆದುಕೊಂಡು ಎಲ್ಲರೂ ಕೂತ ಮೇಲೆ ಮುಂದಿನ ಸಾಲಿನ ಹುಡುಗಿ, ಈ ಬ್ಯಾಚಿನ ಚುರುಕು ಹುಡುಗಿ, ಇವತ್ತಲ್ಲ ನಾಳೆ ಜರ್ಮನಿಗೆ ಹಾರುವವಳು, ಕೈಯೆತ್ತಿದಳು.

‘ಮಿಸ್, ಆ ರಿಸೆಪ್ಷನ್ ಆಂಟಿಗೂ ಸ್ವಲ್ಪ ಜರ್ಮನ್ ಬರ್ತಿತ್ತಂತೆ, ಹೌದಾ?’

ಹೇಳಬೇಕಾದ್ದೆಲ್ಲ ತಲೆಯಲ್ಲಿ ಇತ್ತು, ಬಾಯಿಗೆ ಬರಲು ಇನ್ನೊಂದು ಗಳಿಗೆ ಬೇಕಿತ್ತು, ಅಷ್ಟೇ. ‘ಅವರು…’ ಎಂದು ಶುರು ಮಾಡಿ ನಿಂತೆ.

ನಾನು ಕಲಿಸಿದ ಹುಡುಗಿ, ಕಾಯಲಿಲ್ಲ. ‘ಫೇಲ್ ಆಗಿದ್ರಂತಲ್ಲ ಮಿಸ್, ಎರಡ್ ಸಲಾನೂ’ ಎಂದು ನನ್ನ ವಾಕ್ಯವನ್ನು ಅವಳೇ ಮುಗಿಸಿದಳು.